ಯಾರೂ ಕೂರದ ಶಾಸಕರ ಸೀಟು

ಕುಶಾಲನಗರದಲ್ಲಿ ನನ್ನ ಹೋಟೆಲಿನ ಎದುರಿಗೇ ಶಾಸಕರ ಕಚೇರಿ ಇದ್ದಷ್ಟು ವರ್ಷ ನಾನು ನಾಟಕಕ್ಕಾಗಲಿ ಸಿನಿಮಾಕ್ಕಾಗಲಿ ದುಡ್ಡು ಕೊಟ್ಟವಳಲ್ಲ. ನೋಡಬೇಕಾದ್ದೆಲ್ಲ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿತ್ತು. ನಡೆದು ಮುಗಿದ ಮೇಲೆ ಹಸಿದುಕೊಂಡು ನನ್ನ ಬೆಂಚಿಗೇ ಬರುತ್ತಿತ್ತು. ತಲೆಗೂದಲು ಕಪ್ಪಿದ್ದಾಗ ಮೊದಲ ಸಲ ಗೆದ್ದು, ಅದು ಬೆಳ್ಳಗಾಗುವ ತನಕ ಗೆಲ್ಲುತ್ತಲೇ ಇದ್ದ ಆ ಮನುಷ್ಯ ಈಗ ಶಾಸಕರಲ್ಲ. ಹಣ ಕೊಟ್ಟವರ ಪರವಾಗಿ ಬೆಂಗಳೂರಿಗೆ ಹೋಗಿ, ಮಂತ್ರಿಗಳನ್ನು ಅಧಿಕಾರಿಗಳನ್ನು ಕಂಡು ಮಾತಾಡಿ ಕೆಲಸ ಮಾಡಿಸಿಕೊಡುವುದು ಅವರ ಈಗಿನ ಉದ್ಯೋಗ. ಪೇಪರಿನವರು ಅದಕ್ಕೆ ಲಾಬಿ ಎನ್ನುತ್ತಾರೆ, ನಮ್ಮ ಬೀದಿಯವರು ಓಡಾಟ ಎನ್ನುತ್ತಾರೆ. ಕಚೇರಿ ಇದ್ದ ಜಾಗಕ್ಕೆ ಮೊಬೈಲ್ ಅಂಗಡಿ ಬಂದಿದೆ. ಆದರೂ ಪ್ರಸಂಗಗಳು ನಿಲ್ಲಲಿಲ್ಲ. ನಗು ಬರುವಂಥದ್ದು ಆಗಬೇಕೆಂದಿದ್ದರೆ ಅದು ವಿಳಾಸ ಹುಡುಕಿಕೊಂಡು ಬರುತ್ತದೆ.

ಅವರ ಕತೆಗೂ ನನ್ನ ಕತೆಗೂ ಗಂಟು ಬಿದ್ದದ್ದು ಒಂದು ಬಸ್ಸಿನ ಸೀಟಿನಿಂದ. ಅವರು ನನಗೆ ಪರಿಚಯವಾಗುವುದಕ್ಕೂ ಎಷ್ಟೋ ವರ್ಷ ಮೊದಲು ಬಿದ್ದ ಗಂಟು ಅದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಖಾಲಿ ಸೀಟು

ನನ್ನ ಊರು ಕಕ್ಕಬೆಗಿಂತಲೂ ಮೇಲೆ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. ಏಲಕ್ಕಿ ಕಾಡಿನ ಕೆಲಸ ಬಿಟ್ಟರೆ ಆಗ ನಮಗೆ ಬೇರೆ ಸಂಪಾದನೆ ಇರಲಿಲ್ಲ. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅಕ್ಕ. ಕುಶಾಲನಗರದ ವ್ಯಾಪಾರಿಯೊಬ್ಬರ ಮನೆಯಲ್ಲಿ ಅಡುಗೆಗೆ ಜನ ಬೇಕಂತೆ ಎಂದು ತಿಳಿದಾಗ ನನ್ನನ್ನು ಕಳಿಸಿಕೊಟ್ಟವಳೂ ಅವಳೇ. ನಮ್ಮೂರಿಗೆ ಇದ್ದದ್ದು ಒಂದೇ ಬಸ್ಸು. ಸಾಯಂಕಾಲ ಮಡಿಕೇರಿಯಿಂದ ಬಂದು, ಶಾಲೆಯ ಪಕ್ಕದಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಹೊರಡುವ ಹಾಲ್ಟಿಂಗ್ ಬಸ್ಸು.

ಬಟ್ಟೆಯ ಗಂಟು ಹಿಡಿದು ಹತ್ತಿದೆ. ಡ್ರೈವರ ಹಿಂದಿನ ಸೀಟು ಖಾಲಿ ಇತ್ತು, ಕೂತೆ. ಕಂಡಕ್ಟರು ಬಂದು, ಎದ್ದೇಳು, ಅದು ಶಾಸಕರ ಸೀಟು, ಮೇಲೆ ಬರೆದಿದೆ ಕಾಣುವುದಿಲ್ಲವೇ ಎಂದರು. ಕಾಣುತ್ತಿತ್ತು, ಓದಲು ಬರುತ್ತಿರಲಿಲ್ಲ. ಎದ್ದೆ. ಉಳಿದ ಸೀಟುಗಳೆಲ್ಲ ಭರ್ತಿಯಾಗಿದ್ದವು. ಬಸ್ಸು ಹೊರಟಾಗ ಅಕ್ಕ ಕಿಟಕಿಯ ಪಕ್ಕದಲ್ಲೇ ನಡೆಯುತ್ತಾ, "ಕೂತ್ಕೊ, ಬೀಳ್ತೀಯ, ಕೂತ್ಕೊ" ಎನ್ನುತ್ತಲೇ ಇದ್ದಳು. ಖಾಲಿ ಸೀಟು ಅವಳಿಗೂ ಕಾಣುತ್ತಿತ್ತಲ್ಲ, ಊರು ಬಿಡಿಸಿದ ಸಿಟ್ಟಿಗೆ ನಾನು ಹಠ ಹಿಡಿದು ನಿಂತಿದ್ದೇನೆ ಎಂದುಕೊಂಡಳು. ತಿರುವಿನಲ್ಲಿ ಮರೆಯಾಗುವವರೆಗೂ ಅವಳ ಕೈ ಕೂತ್ಕೊ ಕೂತ್ಕೊ ಎಂದು ಸನ್ನೆ ಮಾಡುತ್ತಲೇ ಇತ್ತು.

ಮಡಿಕೇರಿಯ ತನಕ ನಿಂತೇ ಬಂದೆ. ಒಂದೊಂದು ಸ್ಟಾಪಿನಲ್ಲೂ ಶಾಸಕರು ಹತ್ತುತ್ತಾರೇನೋ ಎಂದು ನೋಡಿದೆ. ಹತ್ತಿದ್ದರೆ ಸಮಾಧಾನವಾದರೂ ಆಗುತ್ತಿತ್ತು. ಯಾರೂ ಹತ್ತಲಿಲ್ಲ. ಅವತ್ತೇ ಮನಸ್ಸಿನಲ್ಲಿ ಎರಡು ಆಣೆ ಹಾಕಿಕೊಂಡೆ. ಒಂದಲ್ಲ ಒಂದು ದಿನ ಇದೇ ಬಸ್ಸಿನಲ್ಲಿ, ಇದೇ ಸೀಟಿನಲ್ಲಿ ಕೂತು ಅಕ್ಕನ ಕಣ್ಣ ಮುಂದೆ ಊರಿಗೆ ಹೋಗಬೇಕು. ಮತ್ತು ಜೀವ ಹೋದರೂ ಯಾವ ಶಾಸಕನ ಹತ್ತಿರವೂ ಏನನ್ನೂ ಕೇಳಬಾರದು.

ಅಕ್ಷರ ಕಲಿತದ್ದೂ ಆ ಸಿಟ್ಟಿನಲ್ಲೇ. ಅಂಗಡಿ ಬೋರ್ಡು, ಬೆಲ್ಲ ಕಟ್ಟಿದ ಪೇಪರು, ಗೋಡೆಯ ಮೇಲಿನ ಚುನಾವಣೆ ಬರಹ, ಸಿಕ್ಕಿದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದಿದೆ. ನಾಲ್ಕು ಅಕ್ಷರ ಹಿಡಿತಕ್ಕೆ ಬಂದ ಕೂಡಲೇ ಬಸ್ ಸ್ಟ್ಯಾಂಡಿಗೆ ಹೋಗಿ, ನಿಂತಿದ್ದ ಬಸ್ಸು ಹತ್ತಿ, ಆ ಸೀಟಿನ ಮೇಲೆ ನಿಜವಾಗಿ ಏನಿದೆ ಎಂದು ನೋಡಿದೆ. 'ಶಾಸಕರಿಗೆ' ಎಂದೇ ಇತ್ತು. ಅಷ್ಟು ಕಷ್ಟಪಟ್ಟು ಕಲಿತು ನಾನು ಮೊದಲು ಓದಿ ತಿಳಿದದ್ದು, ಆ ಕಂಡಕ್ಟರು ಹೇಳಿದ್ದು ಸರಿ ಎಂಬುದನ್ನು.

ಎರಡು ಗುಂಡು

ಇದು ಶಾಸಕರೇ ನನ್ನ ಬೆಂಚಿನ ಮೇಲೆ ಕೂತು ಹೇಳಿದ ಕತೆ. ಅಷ್ಟು ಹೊತ್ತಿಗೆ ನಾನು ಬೇರೆಯವರ ಅಡುಗೆಮನೆ ಬಿಟ್ಟು ಸ್ವಂತ ಹೋಟೆಲು ಹಾಕಿದ್ದೆ.

ಅವರ ಊರಿನ ಕಡೆ ಕೋವಿ ಇಲ್ಲದ ಮನೆ ಕಡಿಮೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಬೆನ್ನು ಬೆನ್ನಿಗೆ ಎರಡು. ಕಣಿವೆಯ ಆಚೆಗಿನವರು ಅದನ್ನು ಎಣಿಸಿಯೇ ಸುದ್ದಿ ತಿಳಿಯುತ್ತಾರೆ. ಮೊದಲ ಸಲ ಗೆದ್ದ ಮಧ್ಯಾಹ್ನ ಅವರ ಚಿಕ್ಕಪ್ಪ ಖುಷಿ ತಡೆಯಲಾರದೆ ಅಂಗಳಕ್ಕೆ ಬಂದು ಒಂದು ಗುಂಡು ಹಾರಿಸಿದರು. ಇಷ್ಟು ದೊಡ್ಡ ಗೆಲುವಿಗೆ ಒಂದೇ ಎಂದರೆ ಜಿಪುಣತನವಾಗುತ್ತದೆ ಎನ್ನಿಸಿ ಇನ್ನೊಂದನ್ನೂ ಹಾರಿಸಿಬಿಟ್ಟರು.

ಸ್ವಲ್ಪ ಹೊತ್ತಿನಲ್ಲಿ ಬಿಳಿ ಬಟ್ಟೆ ಉಟ್ಟ ಜನ ತೋಟದ ದಾರಿಯಲ್ಲಿ ಸಾಲಾಗಿ ಬರತೊಡಗಿದರು. ಹೆಂಗಸರು ಗೇಟಿನ ಹತ್ತಿರವೇ ಅಳಲು ಶುರು ಮಾಡಿದ್ದರು. ಜಗಲಿಯಲ್ಲಿ ಹೊಸ ಶಾಸಕರು ನಿದ್ದೆಗೆಟ್ಟು, ಕೊರಳ ತುಂಬ ಹಾರ ಹಾಕಿಕೊಂಡು, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು. ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಪಕ್ಕದ ಮನೆಯ ಅಜ್ಜಿ ಕೊನೆಯ ಸಲ ಮುಖ ನೋಡೋಣ ಎಂದು ಹತ್ತಿರ ಬಗ್ಗಿದಾಗ ಇವರು ಕಣ್ಣು ಬಿಟ್ಟರು.

"ಅಜ್ಜೀ, ನಾನು ಸತ್ತಿಲ್ಲ, ಗೆದ್ದಿದ್ದೇನೆ."

ಅಜ್ಜಿ ಎದೆ ಹಿಡಿದುಕೊಂಡು ಸ್ವಲ್ಪ ಸುಧಾರಿಸಿಕೊಂಡಿತು. ಆಮೇಲೆ ಕಣ್ಣೊರೆಸಿಕೊಳ್ಳುತ್ತಾ ಹೇಳಿತು: "ಎರಡೂ ಒಂದೇ ಮಗ. ಇನ್ನು ನೀನು ಮನೆಗೆ ಸಿಗುವವನಲ್ಲ."

ಬೈಗುಳ ತಿಳಿಯುವ ಆನೆ

ಕಾಫಿ ಬೆಳೆಯುವ ಜಿಲ್ಲೆ ನಮ್ಮದು, ಆದರೆ ನನ್ನ ಹೋಟೆಲಿನಲ್ಲಿ ಖರ್ಚಾಗುತ್ತಿದ್ದದ್ದು ಚಹಾ. ಶಾಸಕರನ್ನು ಕಾಯುವವರು ಬೆಳಿಗ್ಗೆಯೇ ಬಂದು ಬೆಂಚು ಹಿಡಿಯುತ್ತಿದ್ದರು. ಒಳಗೆ ಹೇಳಬೇಕಾದ್ದನ್ನೆಲ್ಲ ನನ್ನ ಹತ್ತಿರ ಒಂದು ಸಲ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಅಳಿಯನಿಗೆ ವರ್ಗಾವಣೆ ಆಗಬೇಕು ಎಂದು ಬಂದ ಒಬ್ಬರನ್ನು, ಊರಿನ ಹತ್ತಿರಕ್ಕಾ ಎಂದು ಕೇಳಿದೆ. ಅಲ್ಲ, ಬೀದರಿಗೆ ಎಂದರು.

ಒಂದು ದಿನ ಗಡಿ ಕಡೆಯ ಗದ್ದೆಯವರೊಬ್ಬರು ಬಂದರು. ಅವರ ಗದ್ದೆಗೆ ಆನೆ ನುಗ್ಗುತ್ತಿತ್ತು. ಪರಿಹಾರ ಬೇಡ, ಬೇಲಿ ಬೇಡ, ಆನೆಯನ್ನು ಕೇರಳಕ್ಕೆ ವಾಪಸು ಕಳಿಸಬೇಕು ಎಂಬುದು ಅವರ ಕೋರಿಕೆ. ಅದು ಅಲ್ಲಿಯದೇ ಆನೆ, ನಮ್ಮ ಸರ್ಕಾರ ಅದನ್ನು ಯಾಕೆ ಸಾಕಬೇಕು ಎಂದು ಅವರ ವಾದ. ಶಾಸಕರು ಅರಣ್ಯದ ಅಧಿಕಾರಿಯನ್ನು ಕರೆಸಿದರು. ಮಾತುಕತೆ ನನ್ನ ಬೆಂಚಿನ ಮೇಲೇ ನಡೆಯಿತು. ಆನೆ ಯಾವ ರಾಜ್ಯದ್ದು ಎಂದು ಹೇಗೆ ಹೇಳುತ್ತೀರಿ ಎಂದು ಅಧಿಕಾರಿ ಕೇಳಿದರು.

"ಕನ್ನಡದಲ್ಲಿ ಬೈದು ನೋಡಿದೆ ಸಾರ್, ಅಲ್ಲಾಡಲಿಲ್ಲ. ಕೊಡವ ತಕ್ಕಿನಲ್ಲಿ ಬೈದೆ, ಕಿವಿ ಬೀಸಿಕೊಂಡು ನಿಂತಿತು. ನಮ್ಮ ಕೆಲಸದವನು ಮಲಯಾಳದಲ್ಲಿ ಒಂದೇ ಒಂದು ಮಾತು ಬೈದ, ನಾಚಿಕೊಂಡು ಹೊರಟುಹೋಯಿತು."

ಅಧಿಕಾರಿ ಆ ಮಾತನ್ನು ಬರೆದುಕೊಂಡರು, ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಎಲ್ಲರೂ ಹೋದ ಮೇಲೆ ಶಾಸಕರು ಒಬ್ಬರೇ ಕೂತು ಚಹಾ ಮುಗಿಸುತ್ತಾ ನನ್ನತ್ತ ತಿರುಗಿದರು. ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಎಲ್ಲರೂ ಅವರನ್ನು ಸಾಹೇಬರು ಎಂದರೆ ನಾನು ಶಾಸಕರೇ ಎನ್ನುತ್ತಿದ್ದೆ.

"ಆನೆಗೆ ಕೂಡ ನನ್ನಿಂದ ಏನೋ ಆಗಬೇಕು. ನಿಮಗೆ ಏನೂ ಬೇಡವಾ ಅಕ್ಕಾ?"

"ಲೋಟ ಬೇಕು ಶಾಸಕರೇ," ಎಂದೆ. "ಕುಡಿದಾಗಿದ್ದರೆ ಕೊಡಿ, ತೊಳೀಬೇಕು."

ಸಕ್ಕರೆ

ನಡುವೆ ಮದುವೆ, ತಿಥಿ ಎಂದು ನಾನು ಜೀಪು ಮಾಡಿಕೊಂಡು ಊರಿಗೆ ಹೋಗಿಬರುತ್ತಿದ್ದೆ. ಅದನ್ನು ನಾನು ಊರಿಗೆ ಮರಳಿದ್ದು ಎಂದು ಲೆಕ್ಕಕ್ಕೆ ಹಿಡಿಯಲೇ ಇಲ್ಲ, ಅವತ್ತು ಯಾಕೆ ನಿಂತಿದ್ದೆ ಎಂದು ಅಕ್ಕನಿಗೆ ಹೇಳಲೂ ಇಲ್ಲ. ಮರಳುವುದೆಂದರೆ ಆ ಬಸ್ಸಿನಲ್ಲಿ, ಆ ಸೀಟಿನಲ್ಲಿ. ಹೋಟೆಲು ಒಂದು ನೆಲೆಗೆ ಬರಲಿ, ಕಂಡಕ್ಟರ ಎದುರು ಸೀಟು ಬಿಡದೆ ಕೂರುವಷ್ಟು ಗಟ್ಟಿಗಳಾಗಲಿ ಎಂದು ಕಾದಿದ್ದೆ. ಕೊನೆಗೆ ಒಂದು ವರ್ಷ, ಈ ಪುತ್ತರಿ ಹಬ್ಬಕ್ಕೆ ಹೋಗಿಯೇ ಬಿಡುವುದು ಎಂದು ಸೀರೆಯನ್ನೂ ತೆಗೆದಿಟ್ಟೆ.

ಆ ವಾರವೇ ನಮ್ಮೂರಿನ ಮೆಣಸಿನ ವ್ಯಾಪಾರಿಯೊಬ್ಬರು ಊಟಕ್ಕೆ ಬಂದು, ಹಾಲ್ಟಿಂಗ್ ಬಸ್ಸು ನಿಂತುಹೋಯಿತು ಎಂದರು. ಡ್ರೈವರು ಕಂಡಕ್ಟರು ರಾತ್ರಿ ತಂಗಲು ಒಪ್ಪುವುದಿಲ್ಲವಂತೆ. ಶಾಲೆಯ ಜಗಲಿಯಲ್ಲಿ ಮಲಗಿದರೆ ಬೆಳಿಗ್ಗೆ ಎಬ್ಬಿಸಲು ಜಿಗಣೆಗಳೇ ಬರುತ್ತವಂತೆ. ಅವರಿಗೆ ಸಾರು ಬಡಿಸುತ್ತಿದ್ದ ಕೈ ಹಾಗೇ ನಿಂತಿತು. ಅಕ್ಕ ಇನ್ನೂ ಸಾಯಂಕಾಲ ಬಸ್ಸು ಬರುತ್ತಿದ್ದ ಹೊತ್ತಿಗೆ ರಸ್ತೆಗೆ ಬಂದು ನಿಲ್ಲುತ್ತಾಳೆ, ಬಸ್ಸಿಲ್ಲ ಎಂದು ಗೊತ್ತಿದ್ದರೂ ಬರುತ್ತಾಳೆ ಎಂದೂ ಅವರು ಹೇಳಿದರು.

ಅದೇ ಗಳಿಗೆಗೆ ಶಾಸಕರು ಬಂದು ಬೆಂಚಿನ ಮೇಲೆ ಕೂತರು. ಒಂದು ಮಾತು ಹೇಳಿದ್ದರೆ ಮಾರನೆಯ ದಿನ ಬಸ್ಸು ಹೊರಡುತ್ತಿತ್ತು. ಆ ಮಾತು ನನ್ನ ಗಂಟಲಿನ ತನಕ ಬಂದು ಕೂತಿತು. ಅವತ್ತು ಮಡಿಕೇರಿಯ ತನಕ ನನ್ನನ್ನು ನಿಲ್ಲಿಸಿದ ಸೀಟಿನವರ ಮುಂದೆ ಕೈ ಚಾಚುವುದೇ ಎಂದು ಅದನ್ನು ನುಂಗಿದೆ. ಸಿಟ್ಟು ಎಲ್ಲಾದರೂ ಹೋಗಬೇಕಲ್ಲ, ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಅವರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಇವತ್ತು ಏನೋ ಆಗಿದೆ, ಹೇಳಿ ಎಂದರು. ಏನೂ ಇಲ್ಲ, ಸಕ್ಕರೆ ಮುಗಿದಿದೆ ಎಂದೆ. ಅವರು ಪೂರ್ತಿ ಕುಡಿದು ಎದ್ದು ಹೋದರು.

ಮರುದಿನ ಬಾಗಿಲು ತೆಗೆದರೆ ಎದುರಿಗೆ ಒಂದು ಮೂಟೆ ಸಕ್ಕರೆ. ಅಷ್ಟು ವರ್ಷದಲ್ಲಿ ಅಷ್ಟು ಬೇಗ ಅವರು ಯಾರ ಕೆಲಸವನ್ನೂ ಮಾಡಿಸಿಕೊಟ್ಟಿರಲಿಲ್ಲ. ಕೇಳದೆ ಬಂದದ್ದು ನನಗೆ ಬೇಡ ಎಂದು ಆಟೋದಲ್ಲಿ ಹಾಕಿ ವಾಪಸು ಕಳಿಸಿದೆ. ಬೇಕಾದ್ದನ್ನು ಕೇಳಲಿಲ್ಲ, ಕೇಳದ್ದನ್ನು ಇಟ್ಟುಕೊಳ್ಳಲಿಲ್ಲ, ಅವತ್ತಿಡೀ ಗಿರಾಕಿಗಳಿಗೆ ಬೆಲ್ಲದ ಚಹಾ ಕೊಟ್ಟೆ. ಮುಗಿದಿದೆ ಎಂದು ಹೇಳಿದ ಮೇಲೆ ನನ್ನ ಸಕ್ಕರೆ ಡಬ್ಬವನ್ನು ಹೇಗೆ ಹೊರಗೆ ತೆಗೆಯುವುದು?

ಗಂಟೆ

ಆಮೇಲೆ ಪಕ್ಷದವರು ಅವರಿಗೆ ಟಿಕೆಟ್ ಕೊಡಲಿಲ್ಲ. ಬೆಂಚು ಒಂದೇ ವಾರದಲ್ಲಿ ಖಾಲಿಯಾಯಿತು. ನನ್ನ ವ್ಯಾಪಾರವೂ ಇಳಿಯಿತು. ಆದರೆ ನಿಜ ಹೇಳುತ್ತೇನೆ, ನನಗೆ ನೆನಪಾಗುತ್ತಿದ್ದದ್ದು ವ್ಯಾಪಾರವಲ್ಲ. ಆನೆಯವರು, ಬೀದರಿನವರು, ಒಬ್ಬರ ಅರ್ಜಿಗೆ ಇನ್ನೊಬ್ಬರು ಬುದ್ಧಿ ಹೇಳುವ ಆ ಗದ್ದಲ. ಚಹಾ ಸೋಸುವಾಗ ರಸ್ತೆಯ ಆಚೆ ನೋಡುವುದು ಅಭ್ಯಾಸವಾಗಿತ್ತು. ಅಲ್ಲಿ ಈಗ ಮೊಬೈಲ್ ಅಂಗಡಿಯ ದೀಪ ಬಿಟ್ಟರೆ ಏನೂ ಇರಲಿಲ್ಲ.

ಅವರು ಓಡಾಟದ ಉದ್ಯೋಗ ಹಿಡಿದು, ಮೊದಲ ಸಲ ಹಣ ಕೊಟ್ಟವರ ಕೆಲಸಕ್ಕೆ ವಿಧಾನಸೌಧಕ್ಕೆ ಹೋದಾಗ ಅಧಿವೇಶನ ನಡೆಯುತ್ತಿತ್ತಂತೆ. ಮಂತ್ರಿಯೊಬ್ಬರನ್ನು ಕಾಯುತ್ತಾ ಮೊಗಸಾಲೆಯಲ್ಲಿ ಕೂತಿದ್ದರು. ಸದನ ಸೇರುವ ಗಂಟೆ ಹೊಡೆಯಿತು. ಶಾಸಕರೆಲ್ಲ ಎದ್ದರು, ಇವರೂ ಎದ್ದರು. ಎಲ್ಲರ ಜೊತೆ ಮಾತಾಡುತ್ತಾ ನಡೆದು ಬಾಗಿಲಿನ ತನಕ ಹೋದಾಗ ಕಾವಲಿನವನು ಮೆಲ್ಲಗೆ ತೋಳು ಹಿಡಿದ.

"ತಲೆಗೆ ಗೊತ್ತಿತ್ತು ಅಕ್ಕಾ," ಎಂದರು ನನ್ನ ಹತ್ತಿರ. "ಕಾಲಿಗೆ ಯಾರೂ ಹೇಳಿರಲಿಲ್ಲ."

ಆ ಕಾವಲಿನವನನ್ನು ಕೆಲಸಕ್ಕೆ ಸೇರಿಸಿದ್ದು ಇವರೇ ಅಂತೆ. ಬೇಜಾರಾಯಿತಾ ಎಂದು ಕೇಳಿದೆ. ಇಲ್ಲ, ನಾನು ಶಿಫಾರಸು ಮಾಡಿದ ಇಷ್ಟು ಜನರಲ್ಲಿ ಕೆಲಸ ಸರಿಯಾಗಿ ಮಾಡುವವನು ಒಬ್ಬನಾದರೂ ಇದ್ದಾನಲ್ಲ ಎಂದು ಸಂತೋಷವಾಯಿತು ಎಂದರು.

ಹಳೆಯ ಭಾಷಣ

ಬೆಟ್ಟದ ತುದಿ ಸಮತಟ್ಟು ಮಾಡಿ ರೆಸಾರ್ಟ್ ಕಟ್ಟಲು ಹೊರಟ ಹೊರಗಿನವರೊಬ್ಬರು ಇವರನ್ನು ಹಿಡಿದಿದ್ದರು. ನನಗೆ ಅದು ಸರಿಬರಲಿಲ್ಲ. ಗೆಲ್ಲಿಸಿದ ಜನರ ಬೆಟ್ಟವನ್ನು ದುಡ್ಡು ಕೊಟ್ಟವರಿಗೆ ಅಗೆಸಿಕೊಡುತ್ತೀರಾ ಎಂದು ಮುಖಕ್ಕೇ ಕೇಳಿದ್ದೆ. ಉದ್ಯೋಗ ಅಕ್ಕಾ ಎಂದು ತಲೆ ತಗ್ಗಿಸಿ ಚಹಾ ಕುಡಿದು ಬಸ್ಸು, ಅಲ್ಲ, ಕಾರು ಹತ್ತಿದ್ದರು.

ಬೆಂಗಳೂರಿನಲ್ಲಿ ಮಂತ್ರಿಗಳ ಎದುರು ಚೆನ್ನಾಗಿಯೇ ಮಾತಾಡಿದರಂತೆ. ಮಂತ್ರಿಗಳು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಅವರ ಆಪ್ತ ಕಾರ್ಯದರ್ಶಿ ಸದನದ ಹಳೆಯ ಭಾಷಣಗಳ ಒಂದು ಪುಸ್ತಕ ತಂದು, ಈ ವಿಷಯದಲ್ಲಿ ಹಿಂದೆ ಒಬ್ಬ ಸದಸ್ಯರು ಬಹಳ ಗಟ್ಟಿಯಾಗಿ ವಿರೋಧ ಮಾಡಿದ್ದಾರೆ ಎಂದು ಓದತೊಡಗಿದರು. ಮರದ ಬೇರು ಸತ್ತರೆ ಮಣ್ಣಿಗೆ ಹಿಡಿತ ಇಲ್ಲ, ಬೆಟ್ಟ ಒಂದು ಮಳೆಗೆ ಜಾರುತ್ತದೆ, ಕೆಳಗೆ ಮನೆಗಳಿವೆ, ಹೀಗೆ. ಇವರು, ಇರಲಿ ಬಿಡಿ, ವಿರೋಧಕ್ಕೆಂದೇ ಮಾತಾಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ ಎಂದರು. ಕಾರ್ಯದರ್ಶಿ ಹೆಸರು ಓದಿದರು. ಇವರದೇ.

ಮಂತ್ರಿಗಳು ಪುಸ್ತಕ ಮುಚ್ಚಿಸಿ, ಈ ಮನುಷ್ಯನನ್ನು ಒಪ್ಪಿಸುವುದಕ್ಕೆ ಆಗುತ್ತದಾ ನಿಮ್ಮ ಕೈಯಲ್ಲಿ ಎಂದು ಕೇಳಿದರು. ಆಗುವುದಿಲ್ಲ, ಅವನು ಹಠಮಾರಿ, ನನಗೆ ಪರಿಚಯವಿದೆ ಎಂದು ಹೇಳಿ ಇವರು ಎದ್ದು ಬಂದರು. ಬೆಟ್ಟ ಉಳಿಯಿತು, ಕೊಟ್ಟ ಹಣ ವಾಪಸು ಹೋಯಿತು.

ನನಗೆ ಇದನ್ನೆಲ್ಲ ಹೇಳುವಾಗ ಅವರ ಮುಖದಲ್ಲಿ ಸೋತ ಕಳೆಯೇ ಇರಲಿಲ್ಲ. "ಎಷ್ಟು ವರ್ಷ ಭಾಷಣ ಮಾಡಿದೆ ಅಕ್ಕಾ. ಭಾಷಣದಿಂದ ಒಂದು ಕೆಲಸ ಆದದ್ದು ಇದೇ ಮೊದಲು."

ಕೇಳಿದ್ದು

ಒಂದು ಸಾಯಂಕಾಲ ಅವರು ಆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಹಿಂದೆ ಅರ್ಜಿ ಹಿಡಿದವರು ಕೂರುತ್ತಿದ್ದ ಮೂಲೆಯಲ್ಲೇ, ಅವರ ಹಾಗೆಯೇ ಮೊಣಕಾಲ ಮೇಲೆ ಒಂದು ಫೈಲು ಇಟ್ಟುಕೊಂಡು. ದಾರಿಯಲ್ಲಿ ಹೋಗುವವರು ಕೈ ಮುಗಿದು ಹೋಗುತ್ತಿದ್ದರೇ ಹೊರತು ಯಾರೂ ನಿಲ್ಲುತ್ತಿರಲಿಲ್ಲ.

"ಈಗ ಯಾರೂ ಏನೂ ಕೇಳುವುದಿಲ್ಲ ಅಕ್ಕಾ," ಎಂದರು. "ಹಣ ಕೊಟ್ಟವರು ಹೇಳ್ತಾರೆ, ಕೇಳುವುದಿಲ್ಲ. ಆ ಆನೆಯವನಾದರೂ ಒಂದು ಸಲ ಬರಬಾರದಾ ಅನ್ನಿಸ್ತದೆ."

ನಾನು ಒಲೆಯ ಮುಂದೆ ನಿಂತು ಯೋಚನೆ ಮಾಡಿದೆ. ಊರಿನಿಂದ ಬಂದ ಸುದ್ದಿಯಂತೆ ಅಕ್ಕನಿಗೆ ಈಗ ನಡೆಯುವುದು ಕಷ್ಟ. ಆದರೂ ಸಾಯಂಕಾಲ ಕೋಲು ಹಿಡಿದು ರಸ್ತೆಯ ತನಕ ಬರುವುದನ್ನು ಬಿಟ್ಟಿರಲಿಲ್ಲ. ಎಷ್ಟು ದಿನ ಬರಬಲ್ಲಳೋ. ನಾನು ಆಣೆ ಹಾಕಿಕೊಂಡದ್ದು ಶಾಸಕರ ಹತ್ತಿರ ಕೇಳುವುದಿಲ್ಲ ಎಂದು. ಈ ಮನುಷ್ಯ ಈಗ ಶಾಸಕರಲ್ಲ. ಬಾಯಿ ತಪ್ಪಿ ಹಾಗೆ ಕರೆಯುತ್ತೇನೆ, ಅಷ್ಟೇ.

"ನನಗೆ ಒಂದು ಬಸ್ಸು ಬೇಕು," ಎಂದೆ.

ಅವರು ಥಟ್ಟನೆ ನನ್ನತ್ತ ತಿರುಗಿದ ರಭಸಕ್ಕೆ ಚಹಾ ಫೈಲಿನ ಮೇಲೆ ಚೆಲ್ಲಿತು. ಒರೆಸಲೂ ಇಲ್ಲ, ಯಾವ ಬಸ್ಸು ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ, ಅಕ್ಕ ಕೈ ಸನ್ನೆ ಮಾಡಿದ್ದರಿಂದ ಹಿಡಿದು. ಪೂರ್ತಿ ಕೇಳಿ, ಇದನ್ನು ಅಷ್ಟು ವರ್ಷ ಯಾಕೆ ಹೇಳಲಿಲ್ಲ, ಒಂದು ಫೋನಿನಲ್ಲಿ ಆಗುತ್ತಿತ್ತಲ್ಲ ಎಂದು ನನ್ನ ಮೇಲೇ ರೇಗಿದರು. ಅದಕ್ಕೇ ಹೇಳಲಿಲ್ಲ ಎಂದೆ. ನೀವು ಈಗ ಫೀಸು ತೆಗೆದುಕೊಂಡು ಓಡಾಡುವವರು, ನಾನು ಬಿಟ್ಟಿ ಕೆಲಸ ಮಾಡಿಸಿಕೊಳ್ಳುವವಳಲ್ಲ, ಎಷ್ಟು ಎಂದು ಹೇಳಿ ಎಂದೂ ಕೇಳಿದೆ.

"ಅವತ್ತು ಒಂದು ಚಹಾಕ್ಕೆ ಸಕ್ಕರೆ ಬಾಕಿ ಇದೆ," ಎಂದರು. "ಅದನ್ನು ಹಾಕಿಬಿಡಿ."

ಆಮೇಲೆ ಅವರು ಓಡಾಡಿದ್ದನ್ನು ನೋಡಬೇಕಿತ್ತು. ಶಾಸಕರಾಗಿದ್ದಾಗ ಯಾರನ್ನು ಎದುರಿಗೆ ನಿಲ್ಲಿಸಿ ಮಾತಾಡಿಸುತ್ತಿದ್ದರೋ ಅಂಥವರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತರು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಬಸ್ಸಿಗೆ ಜನ ಇಲ್ಲ ಎನ್ನುವ ಮಾತೇ ಇಲ್ಲ ಎಂದು ವಾದ ಮಾಡಿದರು. ನಮ್ಮೂರ ಹೋಂಸ್ಟೇ ಒಡೆಯರೊಬ್ಬರಿಗೆ ಕೆಲಸದವರು ಬಂದುಹೋಗಲು ಬಸ್ಸು ಬೇಕಿತ್ತು, ಅವರನ್ನು ಹಿಡಿದು ಡ್ರೈವರು ಕಂಡಕ್ಟರಿಗೆ ರಾತ್ರಿ ತಂಗಲು ಒಂದು ಕೋಣೆ ಕೊಡಿಸಿದರು. ಮಂಜೂರಾದ ದಿನ ಓಡಿಕೊಂಡು ಬಂದು ಹೇಳಿದರು. ಎಷ್ಟೋ ಚುನಾವಣೆ ಗೆದ್ದಾಗಲೂ ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಚಹಾ ಕೊಟ್ಟೆ. ಬಾಕಿಯ ಸಕ್ಕರೆಯನ್ನೂ ಸೇರಿಸಿ ಹಾಕಿದ್ದೆ. ಒಂದು ಗುಟುಕು ಕುಡಿದು, ತಮಗೆ ಈಗ ಸಕ್ಕರೆ ಕಾಯಿಲೆ ಇದೆ ಎಂದು ನೆನಪು ಮಾಡಿಕೊಂಡರು.

ಅವಿರೋಧ ಆಯ್ಕೆ

ಮೊದಲ ದಿನದ ಬಸ್ಸಿಗೆ ನಾವಿಬ್ಬರೂ ಮಡಿಕೇರಿಯಲ್ಲಿ ಹತ್ತಿದೆವು. ಪುತ್ತರಿಗೆಂದು ತೆಗೆದಿಟ್ಟಿದ್ದ ಸೀರೆಯನ್ನೇ ಉಟ್ಟಿದ್ದೆ. ಡ್ರೈವರ ಹಿಂದಿನ ಸೀಟು ಖಾಲಿ ಇತ್ತು, ಮೇಲೆ ಅದೇ ಬರಹ. ಇಬ್ಬರು ಕೂರುವ ಸೀಟು. ಮಾಜಿ ಆದರೇನು, ನಾನು ಕೂರುತ್ತೇನೆ, ನನ್ನ ಜೊತೆಯವರು ಎಂದು ನೀವೂ ಕೂರಿ, ಯಾರು ಏಳಿಸುತ್ತಾರೆ ನೋಡುತ್ತೇನೆ ಎಂದು ಅವರು ಕಿಟಕಿಯ ಕಡೆ ನನಗೆ ಬಿಟ್ಟುಕೊಟ್ಟರು. ಕೂತೆ.

ಕಂಡಕ್ಟರು ಬಾಗಲಕೋಟೆ ಕಡೆಯ ಹುಡುಗಿ, ಹೊಸದಾಗಿ ಸೇರಿದವಳು. ನಾನು ದುಡ್ಡು ಚಾಚಿದೆ. ಹೆಂಗಸರಿಗೆ ದುಡ್ಡಿಲ್ಲ ಎಂದಳು. ನಾನು ಕೊಟ್ಟೇ ಹೋಗುವವಳು, ಬಿಟ್ಟಿ ಬೇಡ ಎಂದೆ. ಮೆಷಿನ್ನು ಒಪ್ಪೂದಿಲ್ಲ, ನಿಮ್ಮ ಹಠ ಅದಕ್ಕ ತಿಳಿಯೂದಿಲ್ಲ ಎಂದು ಸೊನ್ನೆ ಟಿಕೆಟ್ ಹರಿದು ಕೈಗಿಟ್ಟಳು. ಆಮೇಲೆ ಇವರ ಕಡೆ ನೋಡಿದಳು.

"ಇದು ಶಾಸಕರ ಸೀಟ್ ಐತ್ರಿ ಅಜ್ಜಾರ. ನೀವು ಶಾಸಕರೇನ್ರಿ?"

"ಆಗಿದ್ದೆ."

"ಈಗ?"

"ಈಗ ಇಲ್ಲ."

"ಹಂಗಾದ್ರ ಏಳ್ರಿ."

ಅವರು ನನ್ನ ಮುಖ ನೋಡಿದರು. ನಾನು ಬೋರ್ಡು ನೋಡಿದೆ. ಈ ಹುಡುಗಿ ಹೇಳಿದ್ದೂ ಸರಿಯೇ. ಇಬ್ಬರೂ ಎದ್ದೆವು. ಹಿಂದೆ ಯಾರೋ ಹೆಣ್ಣುಮಗಳು ಎದ್ದು ಜಾಗ ಕೊಡಲು ಬಂದಳು, ಬೇಡ ಎಂದೆ. ಕೂತರೆ ಆ ಸೀಟಿನಲ್ಲಿ, ಇಲ್ಲದಿದ್ದರೆ ನಿಂತೇ. ನಾನು ನಿಂತಿದ್ದೇನೆಂದು ಅವರೂ ಕೂರಲಿಲ್ಲ. ತಿರುವಿನಲ್ಲಿ ಕಂಬಿ ಹಿಡಿದು ಓಲಾಡುತ್ತಾ ಅವರು ಹೇಳಿದರು, ಅಷ್ಟು ವರ್ಷ ಶಾಸಕನಾಗಿದ್ದಾಗ ಒಂದು ಸಲವೂ ಬಸ್ಸು ಹತ್ತಲಿಲ್ಲ, ನನಗೆಂದು ಹೀಗೊಂದು ಸೀಟು ಕಾಯುತ್ತಿದೆ ಎಂದೇ ಗೊತ್ತಿರಲಿಲ್ಲ ಎಂದು.

"ಸೀಟು ಮಾತ್ರ ಅಲ್ಲ ಶಾಸಕರೇ," ಎಂದೆ. "ಪಕ್ಕದಲ್ಲಿ ನಾನೂ ನಿಂತಿದ್ದೆ."

ನಾಪೋಕ್ಲಿನಲ್ಲಿ ಹೆಂಗಸೊಬ್ಬಳು ದೊಡ್ಡದೊಂದು ಹಲಸಿನ ಹಣ್ಣು ಹೊತ್ತು ಹತ್ತಿದಳು. ಆಚೀಚೆ ನೋಡಿ, ಖಾಲಿ ಇದ್ದ ಶಾಸಕರ ಸೀಟಿನ ಮೇಲೆ ಅದನ್ನು ಇಟ್ಟು, ಉರುಳದಂತೆ ಸೆರಗಿನ ತುದಿ ಒತ್ತು ಕೊಟ್ಟು, ತಾನು ಹಿಂದೆ ಹೋಗಿ ನಿಂತಳು. ನಾನು ಕಂಡಕ್ಟರನ್ನು ನೋಡಿದೆ. ಅವಳು ಸ್ವಲ್ಪ ಯೋಚಿಸಿ, ಹಣ್ಣಿಗೆ ಏಳು ಅಂತ ಹ್ಯಾಂಗ ಹೇಳ್ಲಿ ಎಂದು ಮುಂದೆ ಹೋದಳು.

"ಅವಿರೋಧ ಆಯ್ಕೆ," ಎಂದರು ಮಾಜಿ ಶಾಸಕರು. ನಿಂತಲ್ಲೇ ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ನಗುವಿನದಷ್ಟೇ ಅಲ್ಲ, ಕಕ್ಕಬೆ ದಾಟಿ ನಮ್ಮ ಬೆಟ್ಟ ಕಾಣಲು ಶುರುವಾಗಿತ್ತು.

ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಬಸ್ಸು ಬಂದ ಖುಷಿಗೆ ಯಾರೋ ಮೇಲಿನ ಅಂಗಳದಿಂದ ಗುಂಡು ಹಾರಿಸಿದರು. ಮಾಜಿ ಶಾಸಕರು ಕಂಬಿ ಬಿಡದೆ, ಎರಡನೆಯದು ಬರುತ್ತದೇನೋ ಎಂದು ಉಸಿರು ಹಿಡಿದು ಕಾದರು. ಬರಲಿಲ್ಲ. ಒಂದೇ.

ಎಲ್ಲರೂ ಇಳಿದರು. ಹಲಸಿನ ಹಣ್ಣೂ ಇಳಿಯಿತು. ಡ್ರೈವರು ಎಂಜಿನ್ನು ನಿಲ್ಲಿಸಿ ಕೋಣೆ ನೋಡಲು ಹೋದರು, ಕಂಡಕ್ಟರು ಹಿಂದೆಯೇ ಹೋದಳು. ಸೀಟು ಖಾಲಿ, ಹೇಳುವವರು ಕೇಳುವವರು ಇಲ್ಲ. ಹೋಗಿ ಕೂತೆ. ಹಲಸಿನ ವಾಸನೆ ಬರುತ್ತಿತ್ತು. ಕಿಟಕಿಯ ಕೆಳಗೆ ಕೋಲೂರಿಕೊಂಡು ಅಕ್ಕ ನಿಂತಿದ್ದಳು, ಅವತ್ತು ನಡೆಯುತ್ತಾ ಬಂದ ಬದಿಯಲ್ಲೇ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ಕಿರಿದು ಮಾಡಿ ನನ್ನನ್ನು ಹುಡುಕಿದಳು.

"ಅಕ್ಕಾ," ಎಂದೆ. "ನೋಡು. ಕೂತಿದ್ದೇನೆ."

ಅಕ್ಕ ನೋಡಿದಳು. ಮುಂದೆ ಡ್ರೈವರಿಲ್ಲದ್ದನ್ನು, ಹಿಂದೆ ಜನರಿಲ್ಲದ್ದನ್ನು, ನಡುವೆ ಸೀರೆ ಸರಿಮಾಡಿಕೊಂಡು ನೆಟ್ಟಗೆ ಕೂತ ನನ್ನನ್ನು.

"ಅವತ್ತು ಓಡುವ ಬಸ್ಸಿನಲ್ಲಿ ಕೂತ್ಕೊ ಕೂತ್ಕೊ ಅಂತ ಬಡಕೊಂಡೆ, ನಿಂತಿದ್ದಿ," ಎಂದಳು. "ಇವತ್ತು ನಿಂತ ಬಸ್ಸಿನಲ್ಲಿ ಕೂತಿದ್ದಿ. ನಿನಗೆ ಬುದ್ಧಿ ಬರುವುದು ಯಾವಾಗ? ಇಳಿ, ಅನ್ನ ಆರ್ತದೆ."

ಬಾಗಿಲ ಹತ್ತಿರ ನನಗಾಗಿ ಕಾಯುತ್ತಿದ್ದ ಮಾಜಿ ಶಾಸಕರು ಅವಳಿಗೆ ಕೈ ಮುಗಿದರು.

"ಅವರಿಗೆ ಬೈಬೇಡಿ ಅಕ್ಕಾ. ನಾನೂ ವಿಧಾನಸಭೆಯಲ್ಲಿ ಇಷ್ಟು ವರ್ಷ ಹೀಗೇ ಕೂತಿದ್ದೆ. ಬಸ್ಸು ಹೊರಟೇ ಇಲ್ಲ ಅಂತ ಇಳಿದ ಮೇಲೆ ಗೊತ್ತಾಯಿತು."